ಪುಸ್ತಕದಲ್ಲಿ ಹೆಸರಿಲ್ಲದವರ ಧರ್ಮಕೇಂದ್ರ ಯಾವುದು?

2026ರ ಜನವರಿ 6ರಂದು, ಮೂರು ರಾಯರ ಹಬ್ಬದ ದಿನ, ಜಗದ್ಗುರು ಹದಿನಾಲ್ಕನೆಯ ಲಿಯೋರವರು ರೋಮಿನ ಸಂತ ಪೇತ್ರರ ಮಹಾದೇವಾಲಯದ ಪವಿತ್ರ ದ್ವಾರವನ್ನು ಮುಚ್ಚಿದರು. 2024ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಆ ದ್ವಾರವನ್ನು ತೆರೆದವರು ಜಗದ್ಗುರು ಫ್ರಾನ್ಸಿಸ್. ಅವರು 2025ರ ಏಪ್ರಿಲ್ 21ರಂದು ದೈವಾಧೀನರಾದರು. ಮೇ 8ರಂದು ಆಯ್ಕೆಯಾದ ಲಿಯೋರವರು ‘ಭರವಸೆಯ ಯಾತ್ರಿಕರು’ ಎಂಬ ಧ್ಯೇಯದ ಆ ಜ್ಯೂಬಿಲಿ ವರ್ಷವನ್ನು ಸಮಾಪ್ತಿಗೊಳಿಸಿದರು. ನಮ್ಮ ಧರ್ಮಕೇಂದ್ರಗಳಲ್ಲಿಯೂ ಆ ವರ್ಷದ ನೆನಪಿಗೆ ಯಾತ್ರೆಗಳಾದವು, ಧ್ಯಾನಕೂಟಗಳಾದವು, ಬ್ಯಾನರುಗಳು ಕಟ್ಟಲ್ಪಟ್ಟವು. ಆ ಬ್ಯಾನರುಗಳನ್ನು ಬಿಚ್ಚಿಟ್ಟಾಯಿತು. ಆ ವರ್ಷ ನಮ್ಮಲ್ಲಿ ಏನನ್ನು ಉಳಿಸಿತು ಎಂದು ಕೇಳಿಕೊಳ್ಳಲು ಇದು ತಕ್ಕ ಸಮಯವೆಂದು ನಮಗೆ ತೋರುತ್ತದೆ.

ಈ ಅವಧಿಯಲ್ಲಿ ಧರ್ಮಸಭೆಯಿಂದ ಎರಡು ಮಹತ್ವದ ದಾಖಲೆಗಳು ಹೊರಬಂದಿವೆ. ಮೊದಲನೆಯದು, 2021ರಲ್ಲಿ ಆರಂಭಗೊಂಡ ಸಿನೋದ್ ಪ್ರಕ್ರಿಯೆಯ ಅಂತಿಮ ದಾಖಲೆ. 2024ರ ಅಕ್ಟೋಬರ್ 26ರಂದು ಅಂಗೀಕೃತವಾದ ಇದು, ದೀಕ್ಷಾಸ್ನಾನ ಪಡೆದ ಪ್ರತಿಯೊಬ್ಬರೂ ಧರ್ಮಸಭೆಯ ಪ್ರೇಷಿತ ಕಾರ್ಯಕ್ಕೆ ಹೊಣೆಗಾರರೆಂಬುದನ್ನು ಮತ್ತೊಮ್ಮೆ ಸಾರಿತು. ಎರಡನೆಯದು, ಜಗದ್ಗುರು ಲಿಯೋರವರು 2025ರ ಅಕ್ಟೋಬರ್ 4ರಂದು ಸಹಿ ಮಾಡಿ, 9ರಂದು ಪ್ರಕಟಿಸಿದ ‘ದಿಲೆಕ್ಸಿ ತೆ’ ಎಂಬ ಪ್ರಬೋಧನ ಪತ್ರ. ಫ್ರಾನ್ಸಿಸ್‌ರವರು ಆರಂಭಿಸಿ ಮುಗಿಸಲಾಗದೆ ಬಿಟ್ಟುಹೋದ ಈ ಬರಹವನ್ನು ಅವರ ಉತ್ತರಾಧಿಕಾರಿ ತಮ್ಮದಾಗಿಸಿಕೊಂಡು ಪೂರ್ಣಗೊಳಿಸಿದರು. ಬಡವರ ಮೇಲಿನ ಪ್ರೀತಿ ಇದರ ವಿಷಯ. ವಲಸಿಗರ ಆರೈಕೆಗೂ ಇದರಲ್ಲಿ ಸ್ಥಾನವಿದೆ. ಇವೆರಡೂ ಧರ್ಮಾಧ್ಯಕ್ಷರ ಕಚೇರಿಯಿಂದ ಧರ್ಮಕೇಂದ್ರಕ್ಕೆ ತಲುಪಿ, ಅಲ್ಲಿಂದ ಗುರುಗಳ ಮೇಜನ್ನು ತಲುಪಿ, ಬಹುಮಟ್ಟಿಗೆ ಅಲ್ಲಿಯೇ ನಿಲ್ಲುತ್ತವೆ. ನಮ್ಮ ಮೇಜಿನ ಮೇಲೂ ಅವು ಇದ್ದವು. ಅವನ್ನು ಮತ್ತೆ ತೆರೆಯುವಂತೆ ಮಾಡಿದ್ದು ಒಂದು ಸಾವು.

ಕೊರಳಿನ ಜಪಸರ

ಕಾಫಿ ಕುಯ್ಲು ಭರದಿಂದ ಸಾಗಿದ್ದ ದಿನಗಳವು. ಒಂದು ರಾತ್ರಿ ತೋಟವೊಂದರ ರೈಟರು ದೂರವಾಣಿ ಕರೆ ಮಾಡಿದರು. ‘ಫಾದರ್, ನಮ್ಮ ಲೈನಿನ ಹುಡುಗನೊಬ್ಬ ಜ್ವರ ಬಂದು ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಾನೆ. ಜಾರ್ಖಂಡಿನವನು. ಕೊರಳಲ್ಲಿ ಜಪಸರ ಇದೆ. ನಿಮ್ಮವನೇ ಇರಬೇಕು’ ಎಂದರು. ಆ ರೈಟರು ಕ್ರೈಸ್ತರಲ್ಲ. ಸತ್ತವನು ನಮ್ಮವನೆಂದು ನಮಗೆ ತಿಳಿಸಲು ಅವರು ಬೇಕಾಯಿತು.

ಶವವನ್ನು ಅಷ್ಟು ದೂರ ಸಾಗಿಸುವ ಶಕ್ತಿ ಅವನ ಮನೆಯವರಿಗೆ ಇರಲಿಲ್ಲ. ಇಲ್ಲಿಯೇ ಮಣ್ಣು ಮಾಡಿರೆಂದು ಅವರು ಅಳುತ್ತಲೇ ಒಪ್ಪಿದರು. ಮರುದಿನ ಬೆಳಿಗ್ಗೆ ಪಾಲನಾ ಸಮಿತಿಯ ಕೆಲವರು ಸೇರಿದರು. ಹಿರಿಯರೊಬ್ಬರು, ನಿಜಕ್ಕೂ ಸಜ್ಜನರು, ಕುಟುಂಬ ದಾಖಲೆಯ ಪುಸ್ತಕವನ್ನು ತರಿಸಿ ಹಾಳೆ ತಿರುವಿದರು. ‘ಫಾದರ್, ಈ ಹುಡುಗನ ಹೆಸರು ನಮ್ಮ ಪುಸ್ತಕದಲ್ಲಿ ಇಲ್ಲವಲ್ಲ. ಸ್ಮಶಾನದಲ್ಲಿ ಜಾಗ ಕಡಿಮೆ ಇದೆ. ವಂತಿಗೆ ಕಟ್ಟಿದವರಿಗೇ ನಾಳೆ ಜಾಗ ಸಾಲದು. ಮೊದಲು ನಮ್ಮವರನ್ನು ನೋಡಬೇಕಲ್ಲವೇ?’ ಎಂದರು. ಅವರ ಮಾತಿನಲ್ಲಿ ಕ್ರೂರತೆ ಇರಲಿಲ್ಲ, ಲೆಕ್ಕವಿತ್ತು. ಆ ಲೆಕ್ಕವನ್ನು ಅವರಿಗೆ ಕಲಿಸಿದವರು ಗುರುಗಳಾದ ನಾವೇ. ವರ್ಷವರ್ಷವೂ ಪೀಠದ ಮುಂದೆ ನಿಂತು, ವಂತಿಗೆ ಬಾಕಿ ಇರುವವರು ಗಮನಿಸಬೇಕೆಂದು ಓದಿ ಹೇಳಿದವರು ನಾವು.

ಹೂಣುವಿಕೆ ನಡೆಯಿತು. ಧರ್ಮಕೇಂದ್ರದಿಂದ ಬಂದವರು ಐದಾರು ಮಂದಿ. ಲೈನಿನಿಂದ ಬಂದವರು ಹದಿನಾಲ್ಕು ಮಂದಿ. ಒಂದು ದಿನದ ಕೂಲಿ ಬಿಟ್ಟು ಬಂದಿದ್ದರು. ನಮ್ಮ ಪ್ರಾರ್ಥನೆಗಳು ಮುಗಿದ ಮೇಲೆ ಅವರು ತಮ್ಮ ಸಾದ್ರಿ ಭಾಷೆಯಲ್ಲಿ ಒಂದು ಹಾಡು ಹಾಡಿದರು. ಅದರಲ್ಲಿ ಯೇಸುಸ್ವಾಮಿಯ ಹೆಸರೊಂದನ್ನು ಬಿಟ್ಟು ನಮಗೆ ಏನೂ ತಿಳಿಯಲಿಲ್ಲ. ಆ ಸಂಜೆ ಹುಡುಗನ ಊರಿನ ಧರ್ಮಕೇಂದ್ರದ ಗುರುಗಳೊಡನೆ ಮಾತನಾಡಿದೆವು. ಹಬ್ಬದ ಬಲಿಪೂಜೆಯಲ್ಲಿ ಮಾಂದರ್ ಬಾರಿಸುತ್ತಿದ್ದವನು ಅವನೇ ಎಂದು ಅವರು ಹೇಳಿದರು. ಮಾಂದರ್ ಎಂದರೆ ಆ ಕಡೆಯ ಮದ್ದಳೆ. ಮೂರು ಕುಯ್ಲುಗಳಿಂದ ಅವನು ನಮ್ಮ ದೇವಾಲಯದಿಂದ ನಾಲ್ಕು ಕಿಲೋಮೀಟರ್ ದೂರದಲ್ಲಿ ವಾಸವಾಗಿದ್ದ. ಪ್ರತಿ ವರ್ಷ ಆ ತೋಟದ ಬಂಗಲೆಯನ್ನೂ ಕಾಫಿ ಕಣವನ್ನೂ ಆಶೀರ್ವದಿಸಲು ನಾವು ಹೋಗಿದ್ದೇವೆ. ಚಹಾ ಕುಡಿದು ಮರಳಿದ್ದೇವೆ. ಕಣದ ಆಚೆ ಇರುವ ಲೈನ್ ಮನೆಗಳ ಕಡೆಗೆ ಒಂದು ಸಲವೂ ನಡೆದಿರಲಿಲ್ಲ. ಅವನ ಹೆಸರು ನಮ್ಮ ಧರ್ಮಕೇಂದ್ರದ ಪುಸ್ತಕಗಳಲ್ಲಿ ಮೊದಲ ಬಾರಿಗೆ ಬರೆಯಲ್ಪಟ್ಟದ್ದು ಮರಣ ದಾಖಲೆಯಲ್ಲಿ.

ಶಾಸನ ಏನು ಹೇಳುತ್ತದೆ?

ಆ ಹಿರಿಯರ ಪ್ರಶ್ನೆಗೆ ಭಾವುಕತೆಯಿಂದ ಉತ್ತರಿಸಿದರೆ ಸಾಲದು. ಅದು ಉತ್ತರಕ್ಕೆ ಅರ್ಹವಾದ ಪ್ರಶ್ನೆ. ಧರ್ಮಕೇಂದ್ರಕ್ಕೆ ಸೇರಿದವರು ಯಾರು? 1983ರ ಧರ್ಮಸಭಾ ಶಾಸನ ಸಂಹಿತೆಯಲ್ಲಿ ಇದಕ್ಕೆ ಸ್ಪಷ್ಟವಾದ ಉತ್ತರವಿದೆ. ಸಾಮಾನ್ಯವಾಗಿ ಧರ್ಮಕೇಂದ್ರವೆಂದರೆ ಒಂದು ನಿರ್ದಿಷ್ಟ ಪ್ರದೇಶ. ಆ ಪ್ರದೇಶದ ಕ್ರೈಸ್ತವಿಶ್ವಾಸಿಗಳೆಲ್ಲರೂ ಅದಕ್ಕೆ ಸೇರಿದವರು ಎನ್ನುತ್ತದೆ 518ನೆಯ ಕಾನೂನು. 102ನೆಯ ಕಾನೂನಿನ ಪ್ರಕಾರ, ಒಂದೆಡೆ ಮೂರು ತಿಂಗಳು ಇರುವ ಉದ್ದೇಶದಿಂದ ಬಂದವನಿಗೆ, ಇಲ್ಲವೇ ವಾಸ್ತವವಾಗಿ ಮೂರು ತಿಂಗಳು ಇದ್ದವನಿಗೆ, ಅಲ್ಲಿ ಅರೆನಿವಾಸದ ಹಕ್ಕು ದೊರೆಯುತ್ತದೆ. ಆ ಹಕ್ಕಿನೊಂದಿಗೆ ಅಲ್ಲಿನ ಧರ್ಮಕೇಂದ್ರದ ಗುರು ಅವನ ಸ್ವಂತ ಗುರುವಾಗುತ್ತಾರೆ ಎನ್ನುತ್ತದೆ 107ನೆಯ ಕಾನೂನು. ಎಲ್ಲಿಯೂ ನಿವಾಸವಿಲ್ಲದ ಅಲೆಮಾರಿಗೆ ಯಾರು ಗುರು? ಅವನು ಈಗ ಎಲ್ಲಿ ತಂಗಿದ್ದಾನೋ ಆ ಸ್ಥಳದ ಗುರುವೇ ಅವನ ಗುರು. ಹೀಗೆ, ಗುರುವಿಲ್ಲದ ಕ್ರೈಸ್ತ ಯಾರೂ ಉಳಿಯದಂತೆ ಶಾಸನವು ಎಚ್ಚರ ವಹಿಸಿದೆ.

ಕಾಫಿ ಕುಯ್ಲು ಸಾಮಾನ್ಯವಾಗಿ ನವೆಂಬರಿನಲ್ಲಿ ಅರೇಬಿಕಾದಿಂದ ತೊಡಗಿ ಫೆಬ್ರವರಿ–ಮಾರ್ಚಿನಲ್ಲಿ ರೋಬಸ್ಟಾದೊಂದಿಗೆ ಮುಗಿಯುತ್ತದೆ. ಅಂದರೆ ಕುಯ್ಲಿಗೆಂದು ಬಂದು ಅದು ಮುಗಿಯುವವರೆಗೆ ಇರುವ ಕಾರ್ಮಿಕನು ಶಾಸನದ ಅಳತೆಯಲ್ಲಿಯೇ ನಮ್ಮ ಧರ್ಮಕೇಂದ್ರದವನು. ವಂತಿಗೆಯಾಗಲಿ ಕುಟುಂಬ ಕಾರ್ಡಾಗಲಿ ಈ ಕಾನೂನುಗಳಲ್ಲಿ ಎಲ್ಲಿಯೂ ಬರುವುದಿಲ್ಲ. ಅವು ಆಡಳಿತದ ಅನುಕೂಲಕ್ಕೆಂದು ನಾವು ಮಾಡಿಕೊಂಡವು, ಮಾಡಿಕೊಳ್ಳಬೇಕಾದವು ಕೂಡ. ದೇವಾಲಯದ ಹೆಂಚು ವಂತಿಗೆಯಿಂದಲೇ ಬದಲಾಗಬೇಕು. ಆದರೆ ಬಡವರಿಗೆ ತಕ್ಕ ಅಂತ್ಯಸಂಸ್ಕಾರ ತಪ್ಪಬಾರದೆಂದು 1181ನೆಯ ಕಾನೂನು ಎಚ್ಚರಿಸುತ್ತದೆ. 529ನೆಯ ಕಾನೂನು ಬಡವರನ್ನು, ನೊಂದವರನ್ನು, ಒಂಟಿಯಾದವರನ್ನು, ತಾಯ್ನಾಡಿನಿಂದ ದೂರವಾದವರನ್ನು ಹುಡುಕಿಕೊಂಡು ಹೋಗುವುದು ಧರ್ಮಕೇಂದ್ರದ ಗುರುವಿನ ಕರ್ತವ್ಯವೆಂದು ವಿಧಿಸುತ್ತದೆ. ಅವರು ಬರಲಿ, ಹೆಸರು ಬರೆಸಲಿ ಎಂದು ಕಾಯುವುದನ್ನು ಆ ಕಾನೂನು ಒಪ್ಪುವುದಿಲ್ಲ. ಈ ಕಾನೂನನ್ನು ನಾವು ಗುರುಮಠದಲ್ಲಿ ಓದಿ ಪರೀಕ್ಷೆ ಬರೆದಿದ್ದೆವು. ಆ ಹುಡುಗನ ವಿಷಯದಲ್ಲಿ ಅದನ್ನು ಮುರಿದವರು ಪಾಲನಾ ಸಮಿತಿಯವರಲ್ಲ, ನಾವು.

ಮೊದಲು ನಮ್ಮವರು — ಆದರೆ ನಮ್ಮವರು ಯಾರು?

‘ಮೊದಲು ನಮ್ಮವರು’ ಎಂಬ ಮಾತು ನಮ್ಮ ಸಮಿತಿಯದು ಮಾತ್ರವಲ್ಲ. 2025ರ ಆರಂಭದಲ್ಲಿ ಅಮೆರಿಕದ ಉಪಾಧ್ಯಕ್ಷ ಜೆ. ಡಿ. ವ್ಯಾನ್ಸ್ ಇದೇ ವಾದವನ್ನು ಎತ್ತಿದರು. ಮೊದಲು ಮನೆಯವರು, ಆಮೇಲೆ ನೆರೆಯವರು, ನಂತರ ಊರು, ದೇಶ, ಕೊನೆಗೆ ಹೊರಗಿನವರು ಎಂಬ ಕ್ರಮ ಕ್ರೈಸ್ತ ಪರಂಪರೆಯದೇ ಎಂದರು. ದೇವಶಾಸ್ತ್ರದಲ್ಲಿ ‘ಪ್ರೀತಿಯ ಕ್ರಮ’ ಎನ್ನಲಾಗುವ ತತ್ತ್ವದ ಆಧಾರ ಕೊಟ್ಟರು. ಅಲ್ಲಿ ವಲಸಿಗರನ್ನು ದೊಡ್ಡ ಪ್ರಮಾಣದಲ್ಲಿ ಹೊರಹಾಕುವ ಕಾರ್ಯ ಶುರುವಾಗಿದ್ದ ಹೊತ್ತು ಅದು. ಫೆಬ್ರವರಿ 10ರಂದು ಜಗದ್ಗುರು ಫ್ರಾನ್ಸಿಸ್‌ರವರು ಅಮೆರಿಕದ ಧರ್ಮಾಧ್ಯಕ್ಷರಿಗೆ ಪತ್ರ ಬರೆದು, ಪ್ರೀತಿಯ ನಿಜವಾದ ಕ್ರಮವನ್ನು ತಿಳಿಯಬೇಕಾದರೆ ದಯಾಳು ಸಮಾರಿಯನ ಸಾಮತಿಯನ್ನು ಧ್ಯಾನಿಸಬೇಕೆಂದು ಸೂಚಿಸಿದರು.

ತತ್ತ್ವಶಾಸ್ತ್ರ ಓದಿದ ಅಭ್ಯಾಸದಿಂದ ನಾವು ಮೂಲಗಳತ್ತ ಮರಳಿದೆವು. ಸದ್ಗುಣವೆಂದರೆ ಪ್ರೀತಿಯಲ್ಲಿನ ಕ್ರಮ ಎಂಬ ವಿಚಾರ ಸಂತ ಅಗಸ್ಟೀನರದು. ‘ದೇವನಗರ’ ಗ್ರಂಥದ ಹದಿನೈದನೆಯ ಭಾಗದಲ್ಲಿ ಅದು ಬರುತ್ತದೆ. ಪ್ರೀತಿಗೆ ಕ್ರಮವಿದೆ ಎಂಬುದನ್ನು ಸಂತ ಥಾಮಸ್ ಅಕ್ವೈನರೂ ಒಪ್ಪುತ್ತಾರೆ: ಹೆತ್ತವರಿಗೆ, ಮಕ್ಕಳಿಗೆ, ಹತ್ತಿರದವರಿಗೆ ನಾವು ಹೆಚ್ಚು ಋಣಿಗಳು. ಆದುದರಿಂದ ನಮ್ಮ ಸಮಿತಿಯ ಹಿರಿಯರ ಮಾತು ಪೂರ್ತಿ ತಪ್ಪಲ್ಲ. ತನ್ನ ಮನೆಯ ಮುದಿತಾಯಿಗೆ ಗಂಜಿ ಕೊಡದೆ ಊರಿಗೆ ಅನ್ನದಾನ ಮಾಡುವವನನ್ನು ಯಾವ ಸಂತರೂ ಹೊಗಳುವುದಿಲ್ಲ.

ಆದರೆ ಈ ಇಬ್ಬರು ಗುರುಗಳೂ ಅಲ್ಲಿಗೆ ನಿಲ್ಲಿಸಲಿಲ್ಲ. ಅತಿ ಕಷ್ಟದಲ್ಲಿರುವ ಪರಕೀಯನಿಗೆ, ಅಷ್ಟು ಕಷ್ಟದಲ್ಲಿಲ್ಲದ ತನ್ನ ತಂದೆಗಿಂತಲೂ ಮೊದಲು ನೆರವಾಗಬೇಕಾದ ಸಂದರ್ಭಗಳಿವೆ ಎಂದು ಅಕ್ವೈನರು ತಮ್ಮ ‘ಸುಮ್ಮಾ’ ಗ್ರಂಥದಲ್ಲಿ ಬರೆಯುತ್ತಾರೆ. ಅಂದರೆ ಬಾಂಧವ್ಯದ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಅಗತ್ಯವನ್ನು ಇಡಬೇಕು. ಅಗಸ್ಟೀನರು ಕ್ರೈಸ್ತ ಬೋಧನೆಯನ್ನು ಕುರಿತ ತಮ್ಮ ಗ್ರಂಥದ ಮೊದಲ ಭಾಗದಲ್ಲಿ ಇನ್ನೂ ಸೂಕ್ಷ್ಮವಾದ ಮಾತೊಂದನ್ನು ಹೇಳುತ್ತಾರೆ. ಎಲ್ಲರನ್ನೂ ಸಮಾನವಾಗಿ ಪ್ರೀತಿಸಬೇಕು. ಎಲ್ಲರಿಗೂ ಉಪಕಾರ ಮಾಡಲು ಸಾಧ್ಯವಿಲ್ಲದ ಕಾರಣ, ಸ್ಥಳ, ಕಾಲ ಹಾಗೂ ಸಂದರ್ಭಗಳು ಚೀಟಿ ಎತ್ತಿದಂತೆ ಯಾರನ್ನು ನಮ್ಮ ಹತ್ತಿರಕ್ಕೆ ತಂದಿವೆಯೋ ಅವರನ್ನು ಮೊದಲು ನೋಡಿಕೊಳ್ಳಬೇಕು ಎಂಬುದು ಆ ಮಾತಿನ ಸಾರ. ಗಮನಿಸಿರಿ: ಇಲ್ಲಿ ಹತ್ತಿರ ಎಂಬುದನ್ನು ಅಳೆಯುವುದು ರಕ್ತಸಂಬಂಧವಾಗಲಿ ಭಾಷೆಯಾಗಲಿ ಅಲ್ಲ, ಯಾರು ನಮ್ಮ ಎದುರಿಗೆ ಬಂದಿದ್ದಾರೆ ಎಂಬುದು. ಈ ಅಳತೆಯಲ್ಲಿ ನಾಲ್ಕು ಕಿಲೋಮೀಟರ್ ದೂರದ ಲೈನಿನಲ್ಲಿ ಜ್ವರದಿಂದ ಮಲಗಿದ್ದ ಆ ಹುಡುಗನಿಗಿಂತ ಹತ್ತಿರದವರು ನಮಗೆ ಯಾರಿದ್ದರು? ‘ಮೊದಲು ನಮ್ಮವರು’ ಎಂಬ ಸೂತ್ರ ಸರಿಯೇ. ನಾವು ‘ನಮ್ಮವರು’ ಎಂಬುದರ ಅರ್ಥವನ್ನು ತಪ್ಪಾಗಿ ಓದಿದ್ದೆವು.

ನಮ್ಮ ಅಜ್ಜಂದಿರ ಹೆಸರು ಯಾವ ಪುಸ್ತಕದಲ್ಲಿತ್ತು?

ಮಲೆನಾಡಿನ ಕಥೋಲಿಕರಾದ ನಾವು ಈ ಮಣ್ಣಿಗೆ ಹೇಗೆ ಬಂದೆವೆಂಬುದನ್ನು ಮರೆಯುವುದು ಸುಲಭ. ನಮ್ಮಲ್ಲಿ ಅನೇಕರ ಪೂರ್ವಿಕರು ಗೋವೆಯಿಂದ ಕೆನರಾಕ್ಕೆ ಬಂದರು. 1784ರಲ್ಲಿ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಒಯ್ಯಲ್ಪಟ್ಟರು. ಉಳಿದವರು 1799ರ ನಂತರ ಬರಿಗೈಯಲ್ಲಿ ಮರಳಿದರು. 19ನೆಯ ಶತಮಾನದಲ್ಲಿ ಘಟ್ಟದ ಮೇಲೆ ಕಾಫಿ ತೋಟಗಳು ಎದ್ದಾಗ ಕರಾವಳಿಯಿಂದಲೂ ತಮಿಳು ನಾಡಿನಿಂದಲೂ ಕೆಲಸ ಹುಡುಕಿಕೊಂಡು ಬಂದವರು ಇದೇ ಲೈನ್ ಮನೆಗಳಲ್ಲಿ ಉಳಿದರು. ಅವರನ್ನು ಕಾಣಲು ಗುರುಗಳು ಕಾಡುದಾರಿಯಲ್ಲಿ ಬಂದರು. ಉಪದೇಶಿಗಳು ಮನೆಮನೆಗೆ ಹೋಗಿ ಜಪ ಕಲಿಸಿದರು. ಮೈಸೂರಿನಿಂದ ಬೇರ್ಪಟ್ಟು ಚಿಕ್ಕಮಗಳೂರು ಧರ್ಮಪ್ರಾಂತ್ಯ ಸ್ಥಾಪನೆಯಾದದ್ದು 1963ರಲ್ಲಿ. ಅದಕ್ಕೂ ಎಷ್ಟೋ ಮೊದಲು ಈ ನೆಲದಲ್ಲಿ ಧರ್ಮಸಭೆಯನ್ನು ಕಟ್ಟಿದವರು ಪುಸ್ತಕದಲ್ಲಿ ಹೆಸರಿಲ್ಲದೆ ಬಂದ ಕೂಲಿಗಳೇ.

ವಲಸೆ ನಮ್ಮಲ್ಲಿ ನಿಂತಿಲ್ಲ. ನಮ್ಮ ಮಕ್ಕಳು ಮುಂಬಯಿಗೆ, ಆನಂತರ ಕುವೈತ್, ದುಬೈ, ದೋಹಾಗಳಿಗೆ ಹೋದರು. ಅಲ್ಲಿ ಅವರಿಗೆ ಬಲಿಪೂಜೆ ದೊರೆಯುತ್ತಿರುವುದು ವಲಸಿಗರಿಗಾಗಿಯೇ ಬಾಗಿಲು ತೆರೆದಿರುವ ದೇವಾಲಯಗಳಲ್ಲಿ. ಒಂದೇ ಆವರಣದಲ್ಲಿ ಇಂಗ್ಲಿಷ್, ಅರಬ್ಬಿ, ಮಲಯಾಳಂ, ಕೊಂಕಣಿ, ಟಾಗಲೋಗ್ ಭಾಷೆಗಳ ಪೂಜೆಗಳು ನಡೆಯುತ್ತವೆ. 2019ರ ಫೆಬ್ರವರಿಯಲ್ಲಿ ಅಬುಧಾಬಿಯ ಕ್ರೀಡಾಂಗಣದಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ಅರ್ಪಿಸಿದ ಬಲಿಪೂಜೆಗೆ ಸೇರಿದ ಲಕ್ಷಾಂತರ ಮಂದಿ ಬಹುಪಾಲು ಇಂತಹ ದುಡಿಯುವ ಪರದೇಶಿಗಳೇ. 2024ರ ಜೂನ್ 12ರಂದು ಕುವೈತಿನ ಮಂಗಾಫ್‌ನಲ್ಲಿ ಕಾರ್ಮಿಕರ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು ಸುಮಾರು 50 ಮಂದಿ ಸತ್ತಾಗ, ಅವರಲ್ಲಿ ಬಹುತೇಕರು ಭಾರತೀಯರೆಂದು ತಿಳಿದು ನಮ್ಮ ಮನೆಮನೆಗಳಲ್ಲಿ ತಲ್ಲಣ ಉಂಟಾಯಿತು. ಅಲ್ಲಿ ನಮ್ಮ ಹುಡುಗನನ್ನು ಯಾರಾದರೂ ವಿಚಾರಿಸಿಕೊಳ್ಳಲಿ ಎಂದು ಬೇಡಿಕೊಂಡ ತಾಯಂದಿರು ನಮ್ಮ ಧರ್ಮಕೇಂದ್ರದಲ್ಲಿಯೂ ಇದ್ದಾರೆ. ಗುಮ್ಲಾದಲ್ಲಿಯೋ ಸಿಮ್ಡೇಗಾದಲ್ಲಿಯೋ ಒಬ್ಬ ತಾಯಿ ಇದೇ ಬೇಡಿಕೆಯನ್ನು ನಮ್ಮನ್ನು ಕುರಿತು ದೇವರ ಮುಂದೆ ಇಟ್ಟಿರುತ್ತಾಳೆ ಎಂದು ನಾವು ಯೋಚಿಸಿರಲಿಲ್ಲ.

ಬರುತ್ತಿರುವವರೂ ವಿಶ್ವಾಸಕ್ಕೆ ಹೊಸಬರಲ್ಲ. 1885ರಲ್ಲಿ ಛೋಟಾನಾಗಪುರಕ್ಕೆ ಬಂದ ಬೆಲ್ಜಿಯಂ ದೇಶದ ಯೇಸುಸಭೆಯ ಗುರು ಕಾನ್‌ಸ್ಟಂಟ್ ಲೀವೆನ್ಸ್, ಜಮೀನು ಕಳೆದುಕೊಳ್ಳುತ್ತಿದ್ದ ಮುಂಡಾ, ಒರಾಂವ್ ರೈತರ ಪರವಾಗಿ ನ್ಯಾಯಾಲಯದ ವ್ಯವಹಾರಗಳಲ್ಲಿ ನೆರವಾದರು. ಅಲ್ಲಿ ಬೆಳೆದ ಧರ್ಮಸಭೆಯು 2003ರಲ್ಲಿ ರಾಂಚಿಯ ಮಹಾಧರ್ಮಾಧ್ಯಕ್ಷ ತೆಲೆಸ್ಫೋರ್ ಟೊಪ್ಪೊರವರ ಮೂಲಕ ಏಷ್ಯಾಕ್ಕೆ ಮೊದಲ ಆದಿವಾಸಿ ಕಾರ್ಡಿನಲರನ್ನು ನೀಡಿತು. ಅದೇ ಪ್ರದೇಶದಿಂದ ಬ್ರಿಟಿಷರ ಕಾಲದಲ್ಲಿ ಅಸ್ಸಾಮಿನ ಚಹಾ ತೋಟಗಳಿಗೆ ಒಯ್ಯಲ್ಪಟ್ಟವರ ಮರಿಮಕ್ಕಳೂ ಈಗ ಕರ್ನಾಟಕದ ಕಾಫಿ ತೋಟಗಳಿಗೆ ಬರುತ್ತಿದ್ದಾರೆ. ಹೂಣುವಿಕೆಯ ಮುಂದಿನ ವಾರ ನಾವು ಲೈನಿಗೆ ಹೋದೆವು. ಒಂದು ಕೋಣೆಯ ಗೋಡೆಯಲ್ಲಿ ಮಾತೆ ಮರಿಯಮ್ಮನವರ ಚಿತ್ರವಿತ್ತು. ಕೆಳಗೆ ಮೇಣದಬತ್ತಿ ಕರಗಿದ ಗುರುತುಗಳಿದ್ದವು. ಪ್ರತಿ ರಾತ್ರಿ ಅಲ್ಲಿ ಜಪಸರ ನಡೆಯುತ್ತದೆ, ಹಣ್ಣು ಕುಯ್ಯುವ ಹೆಂಗಸೊಬ್ಬಳು ಅದನ್ನು ನಡೆಸುತ್ತಾಳೆ ಎಂದು ತಿಳಿಯಿತು. ನಮ್ಮ ಕಿರು ಕ್ರೈಸ್ತ ಸಮುದಾಯಗಳನ್ನು ತಿಂಗಳಿಗೊಮ್ಮೆ ಸೇರಿಸಲು ನಾವು ಪಡುವ ಪಾಡು ನೆನಪಾಯಿತು. ದೀಕ್ಷಾಸ್ನಾನ ಪಡೆದ ಎಲ್ಲರೂ ಪ್ರೇಷಿತರೆಂದು ಸಿನೋದ್ ದಾಖಲೆ ಹೇಳುವುದು ಇಂತಹ ಹೆಂಗಸನ್ನು ಕುರಿತೇ. ಇಷ್ಟು ದಿನ ಎಲ್ಲಿದ್ದಿರಿ ಎಂದು ಅವಳು ನಮ್ಮನ್ನು ಕೇಳಲಿಲ್ಲ. ಒಂದೇ ಒಂದು ಕುರ್ಚಿಯನ್ನು ಒರೆಸಿ, ಕೂರಿರೆಂದು ಕೊಟ್ಟಳು.

ಮೂರು ಆಕ್ಷೇಪಗಳು

ಈ ವಿಷಯವನ್ನು ಸಮಿತಿಯ ಮುಂದಿಟ್ಟಾಗ ಮೂರು ಆಕ್ಷೇಪಗಳು ಬಂದವು. ಅವು ಬೇರೆ ಧರ್ಮಕೇಂದ್ರಗಳಲ್ಲಿಯೂ ಬರಬಹುದಾದವು. ಆದುದರಿಂದ ಇಲ್ಲಿ ಚರ್ಚಿಸುತ್ತೇವೆ.

ಮೊದಲನೆಯದು ಭಯ. ಲೈನ್ ಮನೆಗಳಿಗೆ ಗುಂಪಾಗಿ ಹೋದರೆ ಮತಾಂತರದ ಆರೋಪ ಬರುವುದಿಲ್ಲವೇ? ಈ ಭಯಕ್ಕೆ ಆಧಾರವಿದೆ. ಕರ್ನಾಟಕದಲ್ಲಿ 2022ರಲ್ಲಿ ಮತಾಂತರ ಕುರಿತ ಕಾಯಿದೆ ಬಂದಿತು. 2023ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಅದನ್ನು ಹಿಂಪಡೆಯಲು ನಿರ್ಧರಿಸಿತಾದರೂ ಜನರ ಮನಸ್ಸಿನ ಸಂಶಯ ಅಷ್ಟು ಬೇಗ ಹೋಗುವಂಥದ್ದಲ್ಲ. 2025ರ ಜುಲೈ 25ರಂದು ಛತ್ತೀಸ್‌ಗಢದ ದುರ್ಗ್ ರೈಲು ನಿಲ್ದಾಣದಲ್ಲಿ, ಕೆಲಸಕ್ಕೆಂದು ಹೊರಟಿದ್ದ ಯುವತಿಯರ ಜೊತೆಗಿದ್ದ ಕೇರಳ ಮೂಲದ ಇಬ್ಬರು ಧರ್ಮಭಗಿನಿಯರನ್ನು ಮಾನವ ಸಾಗಣೆ ಹಾಗೂ ಮತಾಂತರದ ಆರೋಪದ ಮೇಲೆ ಬಂಧಿಸಲಾಯಿತು. ಯುವತಿಯರು ಮೊದಲಿನಿಂದಲೂ ಕ್ರೈಸ್ತರೆಂದು ಮನೆಯವರು ಹೇಳಿದ್ದಾಗಿ ಪತ್ರಿಕೆಗಳು ವರದಿ ಮಾಡಿದವು. ಆಗಸ್ಟ್ 2ರಂದು ಅವರಿಗೆ ಜಾಮೀನು ದೊರೆಯಿತು. ಇದನ್ನು ಬಲ್ಲವರು ಹಿಂಜರಿದರೆ ಅವರನ್ನು ಹೇಡಿಗಳೆಂದು ಕರೆಯಲಾಗದು.

ಇದಕ್ಕೆ ಪರಿಹಾರ ಬೆಳಕಿನಲ್ಲಿ ನಡೆಯುವುದು. ತೋಟದ ಮಾಲೀಕರಿಗೆ ಮೊದಲೇ ತಿಳಿಸಿ, ಹಗಲಿನಲ್ಲಿ, ಕಾರ್ಮಿಕರಿಗೆ ಬಿಡುವಿರುವ ಭಾನುವಾರ ಹೋಗುವುದು. ನಮ್ಮ ವಿಶ್ವಾಸಿಗಳಿಗೆ ಸಂಸ್ಕಾರಗಳನ್ನು ಕೊಡುವುದು ಸಂವಿಧಾನದ 25ನೆಯ ವಿಧಿ ಎತ್ತಿಹಿಡಿದಿರುವ ಹಕ್ಕು. ಅದರಲ್ಲಿ ಬಚ್ಚಿಡುವಂಥದ್ದು ಏನೂ ಇಲ್ಲ. ಅದೇ ಲೈನಿನಲ್ಲಿರುವ ಹಿಂದೂ, ಮುಸ್ಲಿಂ ಕಾರ್ಮಿಕರಿಗೆ ಕಂಬಳಿಯೋ ಔಷಧವೋ ಬೇಕಾದಲ್ಲಿ ಅದನ್ನು ಕೊಡುವುದು, ಕೊಟ್ಟು ಸುಮ್ಮನೆ ಬರುವುದು. ಪ್ರತಿಫಲ ಬಯಸಿ ಕೊಟ್ಟದ್ದು ವ್ಯಾಪಾರವಾಗುತ್ತದೆ. ಆಮಿಷವೊಡ್ಡುವುದು ಶುಭಸಂದೇಶಕ್ಕೇ ಅವಮಾನ. ದರೋಡೆಗೊಳಗಾಗಿ ಬಿದ್ದಿದ್ದವನ ಗಾಯ ಕಟ್ಟಿದ ಸಮಾರಿಯನು ಅವನ ಪಂಥ ಯಾವುದೆಂದು ವಿಚಾರಿಸಿದ ಉಲ್ಲೇಖವಿಲ್ಲ.

ಎರಡನೆಯ ಆಕ್ಷೇಪ ಭಾಷೆಯದು. ತಿಂಗಳಿಗೊಮ್ಮೆ ಹಿಂದಿಯಲ್ಲಿ ಬಲಿಪೂಜೆ ಅರ್ಪಿಸಬಹುದೇ ಎಂದು ಕಾರ್ಮಿಕರು ಕೇಳಿದ್ದರು. ‘ಇಂದು ಒಂದು ಪೂಜೆ ಕೊಟ್ಟರೆ ನಾಳೆ ಕನ್ನಡಕ್ಕೆ ಜಾಗ ಇರುವುದಿಲ್ಲ’ ಎಂದು ಯುವಕರೊಬ್ಬರು ಖಡಾಖಂಡಿತವಾಗಿ ಹೇಳಿದರು. ಆ ಮಾತಿನ ಹಿಂದಿನ ನೋವನ್ನು ನಾವು ಬಲ್ಲೆವು. ಎರಡನೆಯ ವ್ಯಾಟಿಕನ್ ಮಹಾಸಭೆ ಜನಭಾಷೆಗೆ ಪೂಜಾವಿಧಿಯಲ್ಲಿ ಸ್ಥಾನ ಕೊಟ್ಟ ಮೇಲೂ ಬೆಂಗಳೂರಿನಲ್ಲಿ ಕನ್ನಡ ಕಥೋಲಿಕರು ತಮ್ಮ ಭಾಷೆಯ ಸ್ಥಾನಕ್ಕಾಗಿ ದಶಕಗಳ ಕಾಲ ದನಿಯೆತ್ತಬೇಕಾಯಿತು. ಕನ್ನಡ ಈ ನೆಲದ ಭಾಷೆ. ಧರ್ಮಕೇಂದ್ರದ ಭಾನುವಾರದ ಪೂಜೆ ಕನ್ನಡದಲ್ಲಿಯೇ ಇರಬೇಕು, ಇರುತ್ತದೆ. ಆದರೆ ತನ್ನ ಮಾತಿನಲ್ಲಿ ದೇವರನ್ನು ಕರೆಯುವ ಹಂಬಲ ಎಂಥದೆಂಬುದನ್ನು ನಮಗಿಂತ ಚೆನ್ನಾಗಿ ಬಲ್ಲವರು ಯಾರು? ತಿಂಗಳ ಒಂದು ಮಧ್ಯಾಹ್ನ ಲೈನಿನ ಅಂಗಳದಲ್ಲಿ ನಡೆಯುವ ಹಿಂದಿ ಪೂಜೆಯಿಂದ ಕನ್ನಡಕ್ಕೆ ಕುಂದಾಗದು. ಅವರಲ್ಲಿ ಇಲ್ಲಿಯೇ ನೆಲೆಸುವವರ ಮಕ್ಕಳು ನಮ್ಮ ಮಕ್ಕಳ ಜೊತೆ ಕನ್ನಡ ಶಾಲೆಯಲ್ಲಿ ಕುಳಿತು, ಕನ್ನಡದಲ್ಲಿಯೇ ಧರ್ಮೋಪದೇಶ ಕಲಿಯುವಂತೆ ಮಾಡುವುದು ನಮ್ಮ ಕೈಯಲ್ಲಿದೆ. ಹಾಗೆ ಮಾಡಿದರೆ ಕನ್ನಡಕ್ಕೆ ಹೊಸ ನಾಲಿಗೆಗಳು ಸಿಗುತ್ತವೆ.

ಮೂರನೆಯದು ಹಣ. ಸಮಿತಿಯ ಲೆಕ್ಕಪತ್ರವನ್ನು ನಾವು ಬಿಡಿಸಿ ನೋಡಿದೆವು. 2024–25ರಲ್ಲಿ ಕಾಫಿಯ ಬೆಲೆ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿತು. ನಮ್ಮ ಹಬ್ಬದ ದೀಪಾಲಂಕಾರವೂ ಅದಕ್ಕೆ ತಕ್ಕಂತೆ ಏರಿತ್ತು. ಆ ಬೆಲೆಯ ಕಾಫಿಯನ್ನು ಕುಯ್ದ ಕೈಗಳಿಗೆಂದು ಒಂದು ಸಾಲೂ ನಮ್ಮ ಆಯವ್ಯಯದಲ್ಲಿ ಇರಲಿಲ್ಲ. ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಮಾಡಬಹುದಾದುದು

ಸೇವೆಯೆಂದರೆ ನಮಗೆ ತಕ್ಷಣ ಆಸ್ಪತ್ರೆ, ಶಾಲೆ, ಅನಾಥಾಲಯಗಳು ನೆನಪಾಗುತ್ತವೆ. ನಮ್ಮ ಧರ್ಮಸಭೆ ಅವುಗಳಿಂದ ನಾಡಿಗೆ ಮಾಡಿದ ಉಪಕಾರ ದೊಡ್ಡದು. ಆದರೆ ಸಂಸ್ಥೆ ಇದೆ, ಕಾಣಿಕೆ ಹಾಕಿದ್ದೇವೆ, ಇನ್ನು ನಮ್ಮ ಕೆಲಸ ಮುಗಿಯಿತೆಂಬ ನೆಮ್ಮದಿಯೂ ಅವುಗಳಿಂದ ಬಂದುಬಿಟ್ಟಿದೆ. ಇಲ್ಲಿ ಬೇಕಿರುವುದು ಕಟ್ಟಡವಲ್ಲ, ನಾಲ್ಕು ಕಿಲೋಮೀಟರ್ ನಡಿಗೆ.

ಕುಯ್ಲು ಶುರುವಾಗುವ ಮೊದಲೇ ಪ್ರತಿ ಕಿರು ಕ್ರೈಸ್ತ ಸಮುದಾಯವು ತನ್ನ ವ್ಯಾಪ್ತಿಯ ತೋಟ, ಹೋಟೆಲು, ಇಟ್ಟಿಗೆ ಗೂಡು, ಕಟ್ಟಡ ಕೆಲಸದ ಸ್ಥಳಗಳಲ್ಲಿ ಇರುವ ಹೊರಗಿನ ಕಥೋಲಿಕರನ್ನು ವಿಚಾರಿಸಿ ಪಟ್ಟಿ ಮಾಡಬಹುದು. ಅವರ ಊರಿನ ಗುರುಗಳ ದೂರವಾಣಿ ಸಂಖ್ಯೆಯನ್ನು ಪಡೆದಿಟ್ಟುಕೊಳ್ಳಬೇಕು. ಮದುವೆಯ ದಾಖಲೆಗೂ ಮಕ್ಕಳ ದೀಕ್ಷಾಸ್ನಾನಕ್ಕೂ ಅದು ಅಗತ್ಯ. ಸಂತ ವಿನ್ಸೆಂಟ್ ಡಿ ಪಾಲ್ ಸಭೆಯವರು ಮನೆಭೇಟಿಯನ್ನೇ ವ್ರತವಾಗಿ ಉಳ್ಳವರು. ಅವರ ಭೇಟಿಯ ಪಟ್ಟಿಯಲ್ಲಿ ಲೈನುಗಳೂ ಸೇರಲಿ. ಓದಿದ ನಮ್ಮ ಯುವಜನರಿಗೆ ಇದಕ್ಕಿಂತ ಉಪಯುಕ್ತ ಕೆಲಸವೊಂದಿದೆ. ಒಂದು ದೇಶ ಒಂದು ಪಡಿತರ ಚೀಟಿ ಯೋಜನೆ 2022ರ ಜೂನ್ ವೇಳೆಗೆ ಎಲ್ಲ ರಾಜ್ಯಗಳಿಗೂ ವಿಸ್ತರಿಸಿದೆ; ಜಾರ್ಖಂಡಿನ ಆಹಾರ ಭದ್ರತಾ ಚೀಟಿ ಇರುವವರು ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿಯೂ ಧಾನ್ಯ ಪಡೆಯಬಹುದು. ಅಸಂಘಟಿತ ಕಾರ್ಮಿಕರ ನೋಂದಣಿಗಾಗಿ 2021ರ ಆಗಸ್ಟ್‌ನಿಂದ ಇ-ಶ್ರಮ್ ವ್ಯವಸ್ಥೆ ಇದೆ. ಇದನ್ನು ಅವರಿಗೆ ತಿಳಿಸಿ, ಜೊತೆಯಲ್ಲಿ ಅಂಗಡಿಯವರೆಗೆ ಹ��ಗಿಬರುವವರು ಬೇಕು. 2011ರ ಜನಗಣತಿಯಲ್ಲಿ ಹುಟ್ಟಿದೂರು ಅಥವಾ ಹಿಂದಿನ ವಾಸಸ್ಥಳ ಬಿಟ್ಟು ದೇಶದೊಳಗೇ ಬೇರೆಡೆ ಇದ್ದವರು, ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನೂ ಸೇರಿಸಿ, ಸುಮಾರು 45 ಕೋಟಿ. ಇಷ್ಟು ಜನರನ್ನು ನಾವು ನೋಡಿಕೊಳ್ಳಲಾರೆವು. ನಮ್ಮ ಪಾಲಿಗೆ ಬಂದ ಹದಿಮೂರು ಮಂದಿಯನ್ನು ನೋಡಿಕೊಳ್ಳಬಲ್ಲೆವು.

ಆದಿ ಧರ್ಮಸಭೆಯಲ್ಲಿಯೂ ಇಂತಹದೇ ಸಮಸ್ಯೆಯೊಂದು ಎದ್ದಿತ್ತು. ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯದಲ್ಲಿ ಅದನ್ನು ಓದುತ್ತೇವೆ. ಜೆರುಸಲೇಮಿನಲ್ಲಿ ದಿನವೂ ನಡೆಯುತ್ತಿದ್ದ ಆಹಾರ ವಿತರಣೆಯಲ್ಲಿ ಗ್ರೀಕ್ ಮಾತನಾಡುವವರ ವಿಧವೆಯರು ಬಿಟ್ಟುಹೋಗುತ್ತಿದ್ದರು. ಬೇಕೆಂದೇ ಬಿಟ್ಟರೆಂದು ಅಲ್ಲಿ ಬರೆದಿಲ್ಲ. ಅವರು ಕಣ್ಣಿಗೆ ಬೀಳಲಿಲ್ಲ, ಅಷ್ಟೆ. ಗೊಣಗಾಟ ಕೇಳಿದ ಪ್ರೇಷಿತರು ಸಭೆ ಕರೆದು ಏಳು ಮಂದಿಯನ್ನು ಆರಿಸುವಂತೆ ಹೇಳಿದರು. ಸ್ತೇಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ: ಆ ಏಳೂ ಗ್ರೀಕ್ ಹೆಸರುಗಳು. ದೂರು ಬಂದ ಸಮುದಾಯದ ಹೆಸರುಗಳನ್ನು ಹೊತ್ತವರ ಕೈಗೇ ಹೊಣೆಯನ್ನು ಕೊಟ್ಟಂತೆ ತೋರುತ್ತದೆ. ಧರ್ಮಸಭೆಯ ಸೇವಾಕಾರ್ಯ ವ್ಯವಸ್ಥಿತ ರೂಪ ಪಡೆದದ್ದು ಪಟ್ಟಿಯಿಂದ ಬಿಟ್ಟುಹೋದವರ ನಿಮಿತ್ತದಿಂದ.

ಇದರಿಂದ ಧೈರ್ಯ ತೆಗೆದುಕೊಂಡು, ಲೈನಿನಲ್ಲಿ ಜಪಸರ ನಡೆಸುವ ಆ ಹೆಂಗಸನ್ನು ಪಾಲನಾ ಸಮಿತಿಯ ಸಭೆಗೆ ಕರೆದೆವು. ಅವಳ ಹಿಂದಿಯೂ ನಮ್ಮ ಹಿಂದಿಯೂ ಅಷ್ಟಕ್ಕಷ್ಟೆ; ಆದರೂ ಕೆಲಸ ನಡೆಯಿತು. ಸಭೆಯ ಕೊನೆಯಲ್ಲಿ, ಮೊದಲ ದಿನ ಪುಸ್ತಕ ತಿರುವಿದ್ದ ಹಿರಿಯರು ಅದೇ ಪುಸ್ತಕವನ್ನು ಮತ್ತೆ ತರಿಸಿದರು. ಹಿಂಬದಿಯ ಖಾಲಿ ಹಾಳೆಗಳಲ್ಲಿ ಗೆರೆ ಎಳೆದು, ಅವಳನ್ನು ಕೇಳಿ ಕೇಳಿ ಒಂದೊಂದೇ ಹೆಸರನ್ನು ಬರೆದುಕೊಂಡರು. ವಂತಿಗೆಯ ಕಾಲಮ್ಮಿನಲ್ಲಿ ಅಡ್ಡಗೆರೆ ಹಾಕಿದರು. ಹದಿಮೂರು ಹೆಸರುಗಳಾದವು. ಹದಿನಾಲ್ಕನೆಯದನ್ನು, ತೀರಿಕೊಂಡವನದನ್ನು, ತಾವಾಗಿಯೇ ಮೇಲೆ ಬರೆದರು. ಅದು ಮೊದಲೇ ಅಲ್ಲಿ ಇರಬೇಕಾಗಿತ್ತು ಎಂದರು.

ಮುಂದಿನ ಕುಯ್ಲಿಗೆ ಮತ್ತೆ ಜನ ಬರುತ್ತಾರೆ. ನಿಮ್ಮ ಧರ್ಮಕೇಂದ್ರದ ಗಡಿಯೊಳಗೂ ಬರುತ್ತಾರೆ. ಅವರಲ್ಲಿ ಯಾರ ಕೊರಳಲ್ಲಾದರೂ ಜಪಸರ ಇದ್ದರೆ, ಅದನ್ನು ನಮಗೆ ತಿಳಿಸುವ ಕೆಲಸವನ್ನು ಆಸ್ಪತ್ರೆಯಿಂದ ಬರುವ ಕರೆಗೆ ಬಿಡದಿರೋಣ.